ಗೇಮಿಂಗ್ ಯಂತ್ರ ಮತ್ತು ಕಂಟ್ರೋಲರ್ ಆಯ್ಕೆ: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಗೇಮಿಂಗ್ ಎಂಬುದು ಈಗ ಮಕ್ಕಳಾಟವಾಗಿ ಉಳಿದಿಲ್ಲ, ಅದರ ಖರ್ಚೂ ಮಕ್ಕಳಾಟದ್ದಲ್ಲ. ಸೋನಿ ಕಂಪೆನಿಯ ಪ್ಲೇಸ್ಟೇಷನ್ 5 ಯಂತ್ರವು 2021ರ ಫೆಬ್ರುವರಿ 2ರಂದು ಭಾರತದ ಮಾರುಕಟ್ಟೆಗೆ ಬಂದಾಗ ಡಿಸ್ಕ್ ಮಾದರಿಯ ಬೆಲೆ 49,990 ರೂಪಾಯಿಯಾಗಿತ್ತು. ಅದಕ್ಕೂ ಮುನ್ನ, 2020ರ ನವೆಂಬರ್‌ನಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸರಣಿಯ ಪೈಕಿ ಅಗ್ಗದ ‘ಸೀರೀಸ್ ಎಸ್’ ಯಂತ್ರಕ್ಕೆ 34,990 ರೂಪಾಯಿ ನಿಗದಿಯಾಗಿತ್ತು. ಆನಂತರ ಬೆಲೆಗಳು ಬದಲಾಗಿವೆ. ಆದರೆ ಯಂತ್ರದ ಬೆಲೆಯ ಮೇಲೆ ಆಟಗಳು, ಎರಡನೆಯ ಕಂಟ್ರೋಲರ್, ಕೆಲವೊಮ್ಮೆ ಹೊಸ ಟಿವಿ, ಹೆಚ್ಚುವರಿ ಸಂಗ್ರಹಣಾ ಡ್ರೈವ್ ಎಂದು ಖರ್ಚು ಬೆಳೆಯುತ್ತಲೇ ಹೋಗುವುದು ಮಾತ್ರ ಬದಲಾಗಿಲ್ಲ.

ಇಷ್ಟು ಹಣ ತೆತ್ತ ಮೇಲೂ ಬೇಕಾದ ಆಟ ಆ ಯಂತ್ರಕ್ಕೆ ಬಂದೇ ಇಲ್ಲವೆಂದೋ, ಮನೆಯಲ್ಲಿರುವ ಹಳೆಯ ಕಂಟ್ರೋಲರ್ ಅದಕ್ಕೆ ಒಗ್ಗುವುದಿಲ್ಲವೆಂದೋ ತಿಳಿದರೆ ನಷ್ಟ ಗ್ರಾಹಕನದೇ. ಇಂತಹ ನಷ್ಟಕ್ಕೆ ಯಂತ್ರದ ಶಕ್ತಿ ಸಾಲದಿರುವುದು ಕಾರಣವಾಗುವುದಕ್ಕಿಂತ, ಆಟ, ಯಂತ್ರ, ಕಂಟ್ರೋಲರ್, ಪರದೆ ಈ ನಾಲ್ಕರ ನಡುವೆ ಹೊಂದಾಣಿಕೆ ಇಲ್ಲದಿರುವುದೇ ಹೆಚ್ಚಾಗಿ ಕಾರಣವಾಗುತ್ತದೆ. ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಒಂದೊಂದಾಗಿ ಪರಿಶೀಲಿಸಿದರೆ ಬಹುಪಾಲು ತಪ್ಪುಗಳನ್ನು ಅಂಗಡಿಗೆ ಹೋಗುವ ಮುನ್ನವೇ ತಪ್ಪಿಸಬಹುದು.

ಮೊದಲು ಆಟ, ಆನಂತರ ಯಂತ್ರ

‘ಯಾವ ಯಂತ್ರ ಉತ್ತಮ?’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಯಾವ ಆಟ ಆಡಬೇಕು?’ ಎಂಬ ಪ್ರಶ್ನೆ. ನಿಂಟೆಂಡೊ ಕಂಪೆನಿಯ ಮಾರಿಯೊ ಮತ್ತು ಜೆಲ್ಡಾ ಸರಣಿಯ ಮುಖ್ಯ ಆಟಗಳು ಆ ಕಂಪೆನಿಯ ಕನ್ಸೋಲ್‌ಗಳಿಗಷ್ಟೇ ಮೀಸಲು. ಸೋನಿಯ ‘ಬ್ಲಡ್‌ಬೋರ್ನ್’ 2015ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದದ್ದು ಗಣಕಯಂತ್ರಕ್ಕೆ ಬರಲೇ ಇಲ್ಲ. ಅದೇ ಸೋನಿಯ ‘ಗಾಡ್ ಆಫ್ ವಾರ್’ 2022ರ ಜನವರಿಯಲ್ಲಿ ಗಣಕಯಂತ್ರಕ್ಕೂ ಬಂತು. ಮೈಕ್ರೋಸಾಫ್ಟ್‌ನ ‘ಫೋರ್ಜಾ ಹೊರೈಜನ್ 5’ ಎಂಬ ಕಾರು ಓಟದ ಆಟ 2025ರ ಏಪ್ರಿಲ್‌ನಲ್ಲಿ ಪ್ರತಿಸ್ಪರ್ಧಿ ಪ್ಲೇಸ್ಟೇಷನ್ 5ಕ್ಕೂ ಲಭ್ಯವಾಯಿತು. ವೇದಿಕೆಗಳ ನಡುವಿನ ಗೋಡೆ ಹೀಗೆ ಅಲ್ಲಲ್ಲಿ ಕುಸಿಯುತ್ತಿದೆ. ಆದರೆ ಎಲ್ಲಿ, ಯಾವಾಗ ಕುಸಿಯುತ್ತದೆ ಎಂಬುದನ್ನು ಊಹಿಸಿ ಹಣ ಹೂಡುವುದು ಜಾಣತನವಲ್ಲ.

ಹೆಸರು ಒಂದೇ ಇದ್ದ ಮಾತ್ರಕ್ಕೆ ಆಟವೂ ಒಂದೇ ಎಂದು ತಿಳಿಯುವಂತಿಲ್ಲ. ಫುಟ್‌ಬಾಲ್ ಆಟ ‘ಫಿಫಾ’ದ 20ರಿಂದ 23ರವರೆಗಿನ ಆವೃತ್ತಿಗಳು ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ‘ಲೆಗಸಿ ಆವೃತ್ತಿ’ ಎಂಬ ಹೆಸರಿನಲ್ಲಿ ಬಂದವು. ತಂಡ, ಆಟಗಾರರ ಪಟ್ಟಿ, ಉಡುಪು ಹೊಸದಾಗಿದ್ದವೇ ಹೊರತು ಆಟದ ವಿಧಾನದಲ್ಲಿ ಹೊಸತೇನೂ ಇರಲಿಲ್ಲ. ಇತರ ಯಂತ್ರಗಳಲ್ಲಿ ಅದೇ ಆಟ ಆಡಿದವರಿಗೆ ಇದು ಬೇರೆಯೇ ಆಟವಾಗಿ ಕಾಣುವಂತಿತ್ತು.

ಮನೆಯವರು, ಮಿತ್ರರು ಯಾವ ಯಂತ್ರದಲ್ಲಿ ಆಡುತ್ತಾರೆ ಎಂಬುದೂ ಮುಖ್ಯ. ಬೇರೆ ಬೇರೆ ಯಂತ್ರಗಳಲ್ಲಿರುವವರು ಅಂತರ್ಜಾಲದ ಮೂಲಕ ಒಟ್ಟಿಗೆ ಆಡುವ ಸೌಲಭ್ಯ ‘ಫೋರ್ಟ್‌ನೈಟ್’ನಂತಹ ಆಟಗಳಲ್ಲಿದ್ದರೂ ಎಲ್ಲ ಆಟಗಳಲ್ಲಿ ಇಲ್ಲ.

ವೇದಿಕೆಗಳ ಗುಣಾವಗುಣ

ಕನ್ಸೋಲ್: ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಹಾಗೂ ನಿಂಟೆಂಡೊ ಸ್ವಿಚ್ ಈ ವರ್ಗಕ್ಕೆ ಸೇರಿದವು. ಆ ಯಂತ್ರಕ್ಕೆಂದೇ ಪರೀಕ್ಷಿಸಿದ ಆಟಗಳು ಮಾತ್ರ ಅದರ ಮಳಿಗೆಗೆ ಬರುವುದರಿಂದ ‘ನಡೆಯುತ್ತದೆಯೋ ಇಲ್ಲವೋ’ ಎಂಬ ಆತಂಕ ಕಡಿಮೆ. ಯಂತ್ರದ ಒಳಭಾಗಗಳನ್ನು ಬದಲಿಸಿ ಶಕ್ತಿ ಹೆಚ್ಚಿಸಿಕೊಳ್ಳಲಾಗದು ಎಂಬುದು ಇದರ ಮಿತಿ.

ಗಣಕಯಂತ್ರ: ಓದು, ಕಚೇರಿ ಕೆಲಸ, ಆಟ ಮೂರಕ್ಕೂ ಒಂದೇ ಯಂತ್ರ ಸಾಕು. ಆಟಗಳ ಸಂಗ್ರಹವೂ ಅತಿ ದೊಡ್ಡದು. ಆದರೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮೆಮೊರಿ, ಕಾರ್ಯಾಚರಣಾ ತಂತ್ರಾಂಶ ಇವೆಲ್ಲದರ ಹೊಂದಾಣಿಕೆಯ ಹೊಣೆ ಬಳಕೆದಾರನದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದನ್ನು ಹಳೆಯ ಯಂತ್ರ ಕೊಳ್ಳುವವರು ಗಮನಿಸಬೇಕು. ‘ವ್ಯಾಲರೆಂಟ್’ ಎಂಬ ಜನಪ್ರಿಯ ಆಟವು ವಿಂಡೋಸ್ 11ರಲ್ಲಿ ನಡೆಯಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆಗಳು ಚಾಲನೆಯಲ್ಲಿರಬೇಕು.

ಕೈಯಲ್ಲಿ ಹಿಡಿದು ಆಡುವ ಗಣಕ: ವಾಲ್ವ್ ಕಂಪೆನಿಯ ‘ಸ್ಟೀಮ್ ಡೆಕ್’ 2022ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಇದರಲ್ಲಿರುವುದು ಲಿನಕ್ಸ್ ಆಧಾರಿತ ತಂತ್ರಾಂಶ. ವಿಂಡೋಸ್‌ಗಾಗಿ ಬರೆದ ಆಟಗಳನ್ನು ‘ಪ್ರೋಟಾನ್’ ಎಂಬ ಮಧ್ಯವರ್ತಿ ತಂತ್ರಾಂಶದ ನೆರವಿನಿಂದ ಇದು ನಡೆಸುತ್ತದೆ. ಯಾವ ಆಟ ಪೂರ್ಣವಾಗಿ ಹೊಂದುತ್ತದೆ, ಯಾವುದು ಸಣ್ಣಪುಟ್ಟ ತೊಡಕುಗಳೊಂದಿಗೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ವಾಲ್ವ್ ತನ್ನ ಮಳಿಗೆಯಲ್ಲೇ ಗುರುತು ಹಾಕಿದೆ. ಮೋಸದಾಟ ತಡೆಯುವ ತಂತ್ರಾಂಶಗಳು ಮಾತ್ರ ಇಲ್ಲಿ ದೊಡ್ಡ ತೊಡಕು. ‘ಜಿಟಿಎ ಆನ್‌ಲೈನ್’ 2024ರ ಸೆಪ್ಟೆಂಬರ್‌ನಲ್ಲಿ, ‘ಏಪೆಕ್ಸ್ ಲೆಜೆಂಡ್ಸ್’ ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಈ ಕಾರಣದಿಂದಲೇ ಸ್ಟೀಮ್ ಡೆಕ್‌ನಲ್ಲಿ ನಿಂತುಹೋದವು. ಅಲ್ಲಿಯವರೆಗೆ ಆಡುತ್ತಿದ್ದವರ ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಏಸುಸ್ ಕಂಪೆನಿಯ ‘ಆರ್‌ಒಜಿ ಅಲೈ’ 2023ರಲ್ಲಿ ವಿಂಡೋಸ್ 11ರೊಂದಿಗೆ ಬಂದುದರಿಂದ ಈ ಬಗೆಯ ತೊಡಕು ಅದಕ್ಕೆ ಕಡಿಮೆ. ಅದರ ಬೆಲೆ ಭಾರತದಲ್ಲಿ 69,990 ರೂಪಾಯಿಯಿಂದ ಆರಂಭವಾಗಿತ್ತು.

ಮೊಬೈಲ್: ಕೈಯಲ್ಲಿರುವ ಯಂತ್ರವಾದ್ದರಿಂದ ಹೆಚ್ಚಿನ ಖರ್ಚಿಲ್ಲ. ಐಫೋನ್‌ಗಳು 2019ರ ಐಒಎಸ್ 13ರಿಂದ ಪ್ಲೇಸ್ಟೇಷನ್ 4 ಹಾಗೂ ಬ್ಲೂಟೂತ್ ಇರುವ ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳನ್ನು, 2021ರ ಐಒಎಸ್ 14.5ರಿಂದ ಪ್ಲೇಸ್ಟೇಷನ್ 5ರ ಕಂಟ್ರೋಲರನ್ನು ಗುರುತಿಸುತ್ತವೆ. ಫೋನ್ ಗುರುತಿಸಿದರೂ ಆಟ ಒಪ್ಪಬೇಕಲ್ಲವೆ? ಬೆರಳ ಸ್ಪರ್ಶಕ್ಕೆಂದೇ ರೂಪಿಸಿದ ಅನೇಕ ಮೊಬೈಲ್ ಆಟಗಳಿಗೆ ಕಂಟ್ರೋಲರ್ ಬೆಂಬಲವಿಲ್ಲ.

ಹಳೆಯ ಆಟಗಳ ಗತಿಯೇನು?

ಒಂದು ಮಳಿಗೆಯಲ್ಲಿ ಕೊಂಡ ಆಟ ಇನ್ನೊಂದು ಮಳಿಗೆಗೆ ವರ್ಗವಾಗುವುದಿಲ್ಲ. ಪ್ಲೇಸ್ಟೇಷನ್ ಖಾತೆಯಲ್ಲಿ ಕೊಂಡದ್ದನ್ನು ಎಕ್ಸ್‌ಬಾಕ್ಸ್‌ನಲ್ಲಿ ಆಡಬೇಕಾದರೆ ಮತ್ತೆ ಹಣ ತೆರಬೇಕು. ಮೈಕ್ರೋಸಾಫ್ಟ್ 2016ರಲ್ಲಿ ಆರಂಭಿಸಿದ ‘ಪ್ಲೇ ಎನಿವೇರ್’ ಯೋಜನೆಗೆ ಸೇರಿದ ಆಟಗಳನ್ನು ಡಿಜಿಟಲ್ ರೂಪದಲ್ಲಿ ಒಮ್ಮೆ ಕೊಂಡರೆ ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್ ಎರಡರಲ್ಲೂ ಆಡಬಹುದು. ಇದು ಆ ಯೋಜನೆಯ ಆಟಗಳಿಗೆ ಮಾತ್ರ ಅನ್ವಯಿಸುತ್ತದೆ. ಆದುದರಿಂದ ಈಗಾಗಲೇ ಆಟಗಳ ಸಂಗ್ರಹ ಇರುವವರು ಆ ಸಂಗ್ರಹ ಇರುವ ವೇದಿಕೆಯನ್ನೇ ಮೊದಲು ಪರಿಗಣಿಸುವುದು ಒಳಿತು.

ಪ್ಲೇಸ್ಟೇಷನ್ 5ರಲ್ಲಿ ಪ್ಲೇಸ್ಟೇಷನ್ 4ರ ಬಹುತೇಕ ಎಲ್ಲ ಆಟಗಳೂ ನಡೆಯುತ್ತವೆ. ಅದಕ್ಕೂ ಹಿಂದಿನ ತಲೆಮಾರಿನ ಡಿಸ್ಕ್‌ಗಳು ನಡೆಯುವುದಿಲ್ಲ. 2006ರಲ್ಲಿ ಬಂದು ಭಾರತದಲ್ಲಿ ಮನೆಮಾತಾದ ‘ಕ್ರಿಕೆಟ್ 07’ರ ಪ್ಲೇಸ್ಟೇಷನ್ 2 ಡಿಸ್ಕ್ ಯಾರ ಬಳಿಯಾದರೂ ಜೋಪಾನವಾಗಿದ್ದರೆ ಹೊಸ ಯಂತ್ರಕ್ಕೆ ಅದು ನಿರುಪಯೋಗಿ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಹಾಗೂ ಎಸ್ ಯಂತ್ರಗಳು ಎಕ್ಸ್‌ಬಾಕ್ಸ್ ಒನ್‌ನ ಆಟಗಳನ್ನು, ಕೈನೆಕ್ಟ್ ಕ್ಯಾಮೆರಾ ಕಡ್ಡಾಯವಾದವನ್ನು ಬಿಟ್ಟು, ನಡೆಸುತ್ತವೆ. ಎಕ್ಸ್‌ಬಾಕ್ಸ್ 360 ಮತ್ತು ಮೂಲ ಎಕ್ಸ್‌ಬಾಕ್ಸ್‌ನ ಆಯ್ದ ಆಟಗಳಿಗೂ ಅವಕಾಶವಿದೆ. 2025ರ ಜೂನ್ 5ರಂದು ಬಿಡುಗಡೆಯಾದ ನಿಂಟೆಂಡೊ ಸ್ವಿಚ್ 2 ಹಳೆಯ ಸ್ವಿಚ್‌ನ ಬಹುತೇಕ ಆಟಗಳನ್ನು ಸ್ವೀಕರಿಸುತ್ತದೆ.

ಡಿಸ್ಕ್ ಇರುವ ಯಂತ್ರವೋ ಇಲ್ಲದ್ದೋ ಎಂಬುದು ಇಲ್ಲಿಯೇ ತೀರ್ಮಾನವಾಗಬೇಕು. ಡಿಸ್ಕನ್ನು ಆಡಿ ಮುಗಿಸಿದ ಮೇಲೆ ಮಾರಬಹುದು, ಮಿತ್ರರಿಗೆ ಎರವಲು ಕೊಡಬಹುದು. ಡಿಜಿಟಲ್ ಪ್ರತಿಗೆ ಆ ಭಾಗ್ಯವಿಲ್ಲ. ಸೀರೀಸ್ ಎಸ್ ಯಂತ್ರಕ್ಕೆ ಡಿಸ್ಕ್ ಡ್ರೈವ್ ಇಲ್ಲವೇ ಇಲ್ಲ. 2023ರ ನವೆಂಬರ್‌ನಲ್ಲಿ ಬಂದ ತೆಳು ಮಾದರಿಯ ಪ್ಲೇಸ್ಟೇಷನ್ 5ಕ್ಕೆ ಡ್ರೈವನ್ನು ಪ್ರತ್ಯೇಕವಾಗಿ ಜೋಡಿಸಬಹುದು. ಮೊದಲ ಬಾರಿ ಜೋಡಿಸುವಾಗ ಅಂತರ್ಜಾಲ ಸಂಪರ್ಕ ಬೇಕು.

ಕಾರ್ಯಕ್ಷಮತೆ: ‘ನಡೆಯುತ್ತದೆ’ ಎಂದರೆ ಸಾಲದು

ಆಟವೊಂದು ಯಂತ್ರದಲ್ಲಿ ತೆರೆದುಕೊಳ್ಳುವುದು ಬೇರೆ, ನೆಟ್ಟಗೆ ಆಡಲು ಬರುವುದು ಬೇರೆ. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಾಗ ಪೆಟ್ಟಿಗೆಯ ಮೇಲೆ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಹೆಸರುಗಳಿದ್ದವು. ಆ ಹಳೆಯ ಯಂತ್ರಗಳಲ್ಲಿ ಅದು ಎಷ್ಟು ಕುಂಟಿತೆಂದರೆ ಸೋನಿ ಕೆಲವೇ ದಿನಗಳಲ್ಲಿ ಆಟವನ್ನು ತನ್ನ ಡಿಜಿಟಲ್ ಮಳಿಗೆಯಿಂದ ಹಿಂತೆಗೆದುಕೊಂಡು, ಕೊಂಡವರಿಗೆ ಹಣ ಮರಳಿಸುವುದಾಗಿ ಪ್ರಕಟಿಸಿತು. ಅದು ಮಳಿಗೆಗೆ ಮರಳಿದ್ದು 2021ರ ಜೂನ್‌ನಲ್ಲಿ.

ಯಂತ್ರದ ಶಕ್ತಿ ಚಿತ್ರದ ಅಂದಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಗ್ರಾಫಿಕ್ಸ್ ಸಾಮರ್ಥ್ಯದ ಅಳತೆಯಾದ ಟೆರಾಫ್ಲಾಪ್ ಲೆಕ್ಕದಲ್ಲಿ ಸೀರೀಸ್ ಎಕ್ಸ್ 12, ಪ್ಲೇಸ್ಟೇಷನ್ 5 ಸುಮಾರು 10.28, ಸೀರೀಸ್ ಎಸ್ 4 ಅಂಕ ಹೊಂದಿವೆ. ಸೀರೀಸ್ ಎಕ್ಸ್‌ಗೆ 16 ಜಿಬಿ ಮೆಮೊರಿ ಇದ್ದರೆ ಸೀರೀಸ್ ಎಸ್‌ಗೆ 10 ಜಿಬಿ ಮಾತ್ರ. ‘ಬಾಲ್ಡರ್ಸ್ ಗೇಟ್ 3’ ಆಟವು 2023ರ ಡಿಸೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದಾಗ, ಪರದೆಯನ್ನು ಇಬ್ಭಾಗ ಮಾಡಿ ಇಬ್ಬರು ಆಡುವ ಸೌಲಭ್ಯ ಸೀರೀಸ್ ಎಸ್‌ನಲ್ಲಿ ಇರಲಿಲ್ಲ. ಅದು ಸೇರ್ಪಡೆಯಾದದ್ದು 2025ರ ಏಪ್ರಿಲ್‌ನಲ್ಲಿ. ಅಣ್ಣ-ತಂಗಿ ಒಟ್ಟಿಗೆ ಕುಳಿತು ಆಡಲೆಂದು ಅಗ್ಗದ ಯಂತ್ರ ಕೊಂಡ ಮನೆಯವರು ಸುಮಾರು ಹದಿನಾರು ತಿಂಗಳು ಕಾಯಬೇಕಾಯಿತು.

ಆಟದ ನಯವನ್ನು ಅಳೆಯುವುದು ಸೆಕೆಂಡಿಗೆ ಎಷ್ಟು ಚಿತ್ರಚೌಕಟ್ಟುಗಳು, ಅಂದರೆ ಫ್ರೇಮ್‌ಗಳು, ಮೂಡುತ್ತವೆ ಎಂಬುದರಿಂದ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದೊಂದು ಫ್ರೇಮ್ ಪರದೆಯ ಮೇಲೆ 33.3 ಮಿಲಿಸೆಕೆಂಡ್ ನಿಲ್ಲುತ್ತದೆ. 60 ಇದ್ದರೆ 16.7, 120 ಇದ್ದರೆ 8.3 ಮಿಲಿಸೆಕೆಂಡ್. ಕಥಾಪ್ರಧಾನ ಆಟಗಳಿಗೆ 30 ಸಾಕೆನಿಸಬಹುದು. ಓಟ, ಗುಂಡು ಹಾರಾಟ, ಕುಸ್ತಿ, ಕ್ರಿಕೆಟ್ ಬ್ಯಾಟಿಂಗ್ ಮೊದಲಾಗಿ ಕ್ಷಣಾರ್ಧದ ನಿರ್ಧಾರ ಬೇಡುವ ಆಟಗಳಿಗೆ 60ಕ್ಕಿಂತ ಕಡಿಮೆಯಾದರೆ ತೊಡಕು ಎದ್ದು ಕಾಣುತ್ತದೆ. ಅನೇಕ ಕನ್ಸೋಲ್ ಆಟಗಳಲ್ಲಿ ‘ಗುಣಮಟ್ಟ’ ಮತ್ತು ‘ಕಾರ್ಯಕ್ಷಮತೆ’ ಎಂಬ ಎರಡು ಆಯ್ಕೆಗಳಿರುತ್ತವೆ. ಚಿತ್ರ ತುಸು ಮಂಕಾದರೂ ಚಿಂತೆಯಿಲ್ಲ, ಚಲನೆ ನಯವಾಗಿರಲಿ ಎನ್ನುವವರು ಎರಡನೆಯದನ್ನು ಆರಿಸಬೇಕು.

ಲ್ಯಾಪ್‌ಟಾಪ್ ಕೊಳ್ಳುವವರು ಗ್ರಾಫಿಕ್ಸ್ ಚಿಪ್‌ನ ಹೆಸರಿಗೆ ಮರುಳಾಗಬಾರದು. ಎನ್‌ವಿಡಿಯಾದ ‘ಆರ್‌ಟಿಎಕ್ಸ್ 4060’ ಲ್ಯಾಪ್‌ಟಾಪ್ ಚಿಪ್‌ಗೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ಯಾವುದೇ ವಿದ್ಯುತ್ ಮಿತಿ ನಿಗದಿಪಡಿಸಬಹುದು. ಒಂದೇ ಹೆಸರಿನ ಚಿಪ್ ಇರುವ ಎರಡು ಲ್ಯಾಪ್‌ಟಾಪ್‌ಗಳ ವೇಗದಲ್ಲಿ ಅಜಗಜಾಂತರ ಇರುವುದು ಇದರಿಂದಲೇ. ಆಟದ ಮಾಹಿತಿಯಲ್ಲಿ ನಮೂದಿಸಿದ ‘ಕನಿಷ್ಠ’ ಅಗತ್ಯವನ್ನಲ್ಲ, ‘ಶಿಫಾರಸು’ ಮಾಡಿದ ಅಗತ್ಯವನ್ನೇ ಗುರಿಯಾಗಿಟ್ಟುಕೊಳ್ಳುವುದು ಲೇಸು.

ಸಂಗ್ರಹಣಾ ಜಾಗವೂ ಲೆಕ್ಕಕ್ಕೆ ಬರಬೇಕು. ಆರಂಭದ ಪ್ಲೇಸ್ಟೇಷನ್ 5ರ 825 ಜಿಬಿ ಪೈಕಿ ಬಳಕೆಗೆ ಸಿಗುತ್ತಿದ್ದುದು ಸುಮಾರು 667 ಜಿಬಿ. ಸೀರೀಸ್ ಎಸ್‌ನ 512 ಜಿಬಿ ಮಾದರಿಯಲ್ಲಿ ಸುಮಾರು 364 ಜಿಬಿ. ದೊಡ್ಡ ಆಟಗಳು ತಲಾ 100 ಜಿಬಿ ದಾಟುವುದರಿಂದ ನಾಲ್ಕೈದು ಆಟಗಳಿಗೇ ಜಾಗ ಭರ್ತಿ. ಸಾಮಾನ್ಯ ಯುಎಸ್‌ಬಿ ಹಾರ್ಡ್‌ಡಿಸ್ಕ್‌ನಿಂದ ಹಿಂದಿನ ತಲೆಮಾರಿನ ಆಟಗಳನ್ನು ಆಡಬಹುದು. ಆದರೆ ಪ್ಲೇಸ್ಟೇಷನ್ 5ಕ್ಕೆಂದೇ ರೂಪಿಸಿದ ಆಟಗಳನ್ನು ಅದರಿಂದ ಆಡಲಾಗದು. ಅವುಗಳಿಗೆ ಯಂತ್ರದೊಳಗೆ ಅಳವಡಿಸುವ ವೇಗದ ಎಂ.2 ಡ್ರೈವ್ ಬೇಕು.

ಕಂಟ್ರೋಲರ್: ಪಿನ್ನಿಗಿಂತ ಭಾಷೆ ಮುಖ್ಯ

ಯುಎಸ್‌ಬಿ ಪಿನ್ ಕೂತಿತೆಂದರೆ ಕಂಟ್ರೋಲರ್ ಕೆಲಸ ಮಾಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಕಂಟ್ರೋಲರ್ ಮತ್ತು ಆಟ ಒಂದೇ ಸಂಕೇತಭಾಷೆಯಲ್ಲಿ ಮಾತನಾಡಬೇಕು. ವಿಂಡೋಸ್‌ನಲ್ಲಿ ಇಂತಹ ಎರಡು ಮುಖ್ಯ ಭಾಷೆಗಳಿವೆ. 1995ರಲ್ಲಿ ಡೈರೆಕ್ಟ್‌ಎಕ್ಸ್ ಜೊತೆಗೆ ಬಂದ ‘ಡೈರೆಕ್ಟ್‌ಇನ್‌ಪುಟ್’ ಹಳೆಯದು. ಎಕ್ಸ್‌ಬಾಕ್ಸ್ 360ರ ಕಾಲದಲ್ಲಿ ಬಂದ ‘ಎಕ್ಸ್‌ಇನ್‌ಪುಟ್’ ಹೊಸದು. ಇಂದಿನ ಬಹುಪಾಲು ಗಣಕಯಂತ್ರ ಆಟಗಳು ಎರಡನೆಯದನ್ನೇ ನಿರೀಕ್ಷಿಸುತ್ತವೆ. ಹಳೆಯ ಭಾಷೆಯಷ್ಟೇ ಬಲ್ಲ ಅಗ್ಗದ ಕಂಟ್ರೋಲರನ್ನು ಹೊಸ ಆಟಕ್ಕೆ ಜೋಡಿಸಿದರೆ, ವಿಂಡೋಸ್ ಅದನ್ನು ಗುರುತಿಸಿದರೂ ಆಟ ಗುರುತಿಸದೇ ಇರಬಹುದು ಇಲ್ಲವೇ ಗುಂಡಿಗಳು ಅದಲು ಬದಲಾಗಬಹುದು.

ತದ್ವಿರುದ್ಧ ತೊಡಕೂ ಇದೆ. ಎಕ್ಸ್‌ಬಾಕ್ಸ್ ಕಂಟ್ರೋಲರನ್ನು ಹಳೆಯ ಡೈರೆಕ್ಟ್‌ಇನ್‌ಪುಟ್ ಆಟದಲ್ಲಿ ಬಳಸಿದರೆ ಹಿಂಬದಿಯ ಎಡ, ಬಲ ಟ್ರಿಗರ್‌ಗಳೆರಡೂ ಒಂದೇ ಅಕ್ಷವಾಗಿ ಬೆರೆಯುತ್ತವೆ. ಕಾರು ಓಟದಲ್ಲಿ ವೇಗ ಮತ್ತು ಬ್ರೇಕನ್ನು ಒಟ್ಟಿಗೆ ಒತ್ತಲು ಆಗದು. ಕಂಪನವೂ ದೊರೆಯದು. ಎರಡೂ ಬಗೆಯ ಆಟ ಆಡುವವರು ಎರಡು ಭಾಷೆಗಳ ನಡುವೆ ಬದಲಿಸುವ ಗುಂಡಿ ಇರುವ ಕಂಟ್ರೋಲರನ್ನೇ ಆರಿಸಿಕೊಳ್ಳಬೇಕು. ಚೀನಾದ 8ಬಿಟ್‌ಡೂ, ಗೇಮ್‌ಸರ್ ಹಾಗೂ ಭಾರತದ ರೆಡ್‌ಗೇರ್, ಕಾಸ್ಮಿಕ್ ಬೈಟ್, ಇವೊಫಾಕ್ಸ್ ಮೊದಲಾದ ಬ್ರಾಂಡ್‌ಗಳು ಹಲವು ಬೆಲೆಯ ಕಂಟ್ರೋಲರ್‌ಗಳನ್ನು ಮಾರುತ್ತವೆ. ಬ್ರಾಂಡ್ ಒಂದೇ ಆದರೂ ಮಾದರಿಯಿಂದ ಮಾದರಿಗೆ ಬೆಂಬಲ ಬೇರೆಯಾಗಿರುವುದರಿಂದ ಪೆಟ್ಟಿಗೆಯ ಮೇಲಿನ ಪಟ್ಟಿಯನ್ನು ಓದಲೇಬೇಕು.

ಸ್ಟೀಮ್ ಮಳಿಗೆಯಲ್ಲಿ ಕೊಂಡ ಆಟಗಳಿಗೆ ಈ ಭಾಷಾಂತರದ ಕೆಲಸವನ್ನು ‘ಸ್ಟೀಮ್ ಇನ್‌ಪುಟ್’ ವ್ಯವಸ್ಥೆ ನಿರ್ವಹಿಸುತ್ತದೆ. ಪ್ಲೇಸ್ಟೇಷನ್ 4ರ ಕಂಟ್ರೋಲರ್‌ಗೆ 2016ರಲ್ಲಿ, ಸ್ವಿಚ್ ಪ್ರೊ ಕಂಟ್ರೋಲರ್‌ಗೆ 2018ರಲ್ಲಿ, ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್‌ಗೆ 2020ರಲ್ಲಿ ಅದು ಬೆಂಬಲ ನೀಡಿತು. ಸ್ಟೀಮ್‌ನ ಹೊರಗೆ ಕೊಂಡ ಆಟಗಳಿಗೆ ಈ ನೆರವು ತಾನಾಗಿ ದೊರೆಯದು. ಇನ್ನು ಕೆಲವು ಆಟಗಳಿಗೆ ಯಾವ ಕಂಟ್ರೋಲರೂ ಬೇಡ. ‘ವ್ಯಾಲರೆಂಟ್’ನ ಗಣಕಯಂತ್ರ ಆವೃತ್ತಿ ಕೀಲಿಮಣೆ ಮತ್ತು ಮೌಸ್‌ಗಷ್ಟೇ ಮೀಸಲು. 2024ರಲ್ಲಿ ಬಂದ ಅದರ ಕನ್ಸೋಲ್ ಆವೃತ್ತಿಯಲ್ಲಿ ಮಾತ್ರ ಕಂಟ್ರೋಲರ್‌ಗೆ ಸ್ಥಾನವಿದೆ.

ಯಾವ ಯಂತ್ರಕ್ಕೆ ಯಾವ ಕಂಟ್ರೋಲರ್?

* ಪ್ಲೇಸ್ಟೇಷನ್ 5: ಡ್ಯುಯಲ್‌ಸೆನ್ಸ್ ಎಲ್ಲ ಆಟಗಳಿಗೂ ಸಲ್ಲುತ್ತದೆ. ಹಳೆಯ ಡ್ಯುಯಲ್‌ಶಾಕ್ 4 ಅನ್ನು ಈ ಯಂತ್ರಕ್ಕೆ ಜೋಡಿಸಬಹುದಾದರೂ ಅದರಿಂದ ಪ್ಲೇಸ್ಟೇಷನ್ 4ರ ಆಟಗಳನ್ನು ಮಾತ್ರ ಆಡಬಹುದು. ಎರಡನೆಯ ಆಟಗಾರನಿಗೆ ಹಳೆಯದು ಸಾಕೆಂದುಕೊಂಡವರು ಇದನ್ನು ಗಮನಿಸಬೇಕು.

* ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್: ಎಕ್ಸ್‌ಬಾಕ್ಸ್ ಒನ್‌ನ ಕಂಟ್ರೋಲರ್‌ಗಳು ಹೊಸ ಆಟಗಳಲ್ಲೂ ನಡೆಯುತ್ತವೆ. ಎಕ್ಸ್‌ಬಾಕ್ಸ್ 360ರವು ನಡೆಯುವುದಿಲ್ಲ. ಪರವಾನಗಿ ಇಲ್ಲದ ಇತರ ಕಂಪೆನಿಗಳ ಸಾಧನಗಳನ್ನು 2023ರ ನವೆಂಬರ್ 12ರಿಂದ ಮೈಕ್ರೋಸಾಫ್ಟ್ ತಡೆಹಿಡಿಯಿತು. ಹಿಂದಿನ ದಿನದವರೆಗೆ ಕೆಲಸ ಮಾಡುತ್ತಿದ್ದ ಕಂಟ್ರೋಲರ್‌ಗಳೂ ಅಡಾಪ್ಟರ್‌ಗಳೂ ಮೂಲೆ ಸೇರಿದವು. ‘ಎಕ್ಸ್‌ಬಾಕ್ಸ್‌ಗಾಗಿ ರೂಪಿಸಿದ್ದು’ ಎಂಬ ಅಧಿಕೃತ ಮುದ್ರೆ ನೋಡಿ ಕೊಳ್ಳುವುದು ಕ್ಷೇಮ.

* ನಿಂಟೆಂಡೊ ಸ್ವಿಚ್: ಹಳೆಯ ಜಾಯ್-ಕಾನ್ ಹಾಗೂ ಪ್ರೊ ಕಂಟ್ರೋಲರ್‌ಗಳು ಸ್ವಿಚ್ 2ಕ್ಕೆ ನಿಸ್ತಂತುವಾಗಿ ಹೊಂದುತ್ತವೆ. ಹಳೆಯ ಜಾಯ್-ಕಾನ್‌ಗಳನ್ನು ಹೊಸ ಯಂತ್ರದ ಬದಿಗೆ ಅಂಟಿಸಲಾಗದು. ಹಳೆಯ ಪ್ರೊ ಕಂಟ್ರೋಲರ್‌ನಿಂದ ನಿದ್ರಾಸ್ಥಿತಿಯಲ್ಲಿರುವ ಸ್ವಿಚ್ 2 ಅನ್ನು ಎಬ್ಬಿಸಲಾಗದು.

* ಗಣಕಯಂತ್ರ: ಎಕ್ಸ್‌ಬಾಕ್ಸ್ ಕಂಟ್ರೋಲರ್ ಬಳಸಿದರೆ ತಕರಾರು ಅತ್ಯಂತ ಕಡಿಮೆ. ಡ್ಯುಯಲ್‌ಸೆನ್ಸ್ ಬಳಸುವವರಿಗೆ ಟ್ರಿಗರ್ ಬಿಗಿಯಾಗುವ ವಿಶೇಷ ಅನುಭವ ಬೇಕಿದ್ದರೆ ಆಟದಲ್ಲಿ ಆ ಬೆಂಬಲವಿರಬೇಕು, ಬಹುತೇಕ ಆಟಗಳಲ್ಲಿ ತಂತಿಯನ್ನೂ ಜೋಡಿಸಬೇಕು. ಸ್ವಿಚ್ ಪ್ರೊ ಕಂಟ್ರೋಲರ್‌ನ ಟ್ರಿಗರ್‌ಗಳು ಒತ್ತಡದ ಪ್ರಮಾಣವನ್ನು ಅಳೆಯುವುದಿಲ್ಲ. ಒತ್ತಿದೆ ಅಥವಾ ಒತ್ತಿಲ್ಲ ಎಂಬುದಷ್ಟೇ ಅವಕ್ಕೆ ಗೊತ್ತು. ಕಾರು ಓಟದ ಆಟಗಳಿಗೆ ಅವು ತಕ್ಕುವಲ್ಲ.

ತಂತಿಯೋ ನಿಸ್ತಂತುವೋ?

ಎಕ್ಸ್‌ಬಾಕ್ಸ್ ಕನ್ಸೋಲ್ ತನ್ನ ಕಂಟ್ರೋಲರ್ ಜೊತೆ ಮಾತನಾಡುವುದು ಬ್ಲೂಟೂತ್ ಮೂಲಕವಲ್ಲ, ಮೈಕ್ರೋಸಾಫ್ಟ್‌ನದೇ ಆದ ನಿಸ್ತಂತು ವಿಧಾನದಲ್ಲಿ. 2013ರ ಮೂಲ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ಗೆ ಬ್ಲೂಟೂತ್ ಇರಲಿಲ್ಲ. 2016ರ ಒನ್ ಎಸ್ ಮಾದರಿಯಿಂದ ಅದು ಸೇರಿತು. ಹಳೆಯ ಕಂಟ್ರೋಲರ್ ಕೊಳ್ಳುವಾಗ ಎರಡನ್ನೂ ಬೇರ್ಪಡಿಸಲು ಸುಲಭ ಉಪಾಯವಿದೆ. ಎಕ್ಸ್‌ಬಾಕ್ಸ್ ಗುಂಡಿಯ ಸುತ್ತಲಿನ ಪ್ಲಾಸ್ಟಿಕ್ ಮುಂಭಾಗದ ಕವಚದ ಮುಂದುವರಿಕೆಯಾಗಿದ್ದರೆ ಬ್ಲೂಟೂತ್ ಇದೆ. ಅದು ಮೇಲಂಚಿನ ಗುಂಡಿಗಳ ಹೊಳಪು ಪಟ್ಟಿಗೆ ಸೇರಿದ್ದರೆ ಬ್ಲೂಟೂತ್ ಇಲ್ಲ. ಇದನ್ನರಿಯದೆ ಫೋನ್‌ಗೆಂದು ಹಳೆಯ ಮಾದರಿ ಕೊಂಡರೆ ನಿಸ್ತಂತುವಾಗಿ ಜೋಡಿಸುವ ದಾರಿಯೇ ಇರದು.

ವೇಗದ ವಿಚಾರದಲ್ಲಿ ‘ಪೋಲಿಂಗ್’ ಪ್ರಮಾಣ ಮುಖ್ಯ. ಕಂಟ್ರೋಲರ್ ತನ್ನ ಸ್ಥಿತಿಯನ್ನು ಸೆಕೆಂಡಿಗೆ 125 ಬಾರಿ ತಿಳಿಸಿದರೆ ಎರಡು ವರದಿಗಳ ನಡುವಣ ಅಂತರ 8 ಮಿಲಿಸೆಕೆಂಡ್, 250 ಬಾರಿಯಾದರೆ 4, 1000 ಬಾರಿಯಾದರೆ 1 ಮಿಲಿಸೆಕೆಂಡ್. ಆದರೆ 60 ಫ್ರೇಮ್‌ನ ಆಟದಲ್ಲಿ ಒಂದು ಫ್ರೇಮ್‌ಗೇ 16.7 ಮಿಲಿಸೆಕೆಂಡ್ ಬೇಕಿರುವಾಗ 4ರಿಂದ 1ಕ್ಕೆ ಇಳಿಸಲು ದುಬಾರಿ ಬೆಲೆ ತೆರುವುದು ಸಾಮಾನ್ಯ ಆಟಗಾರರಿಗೆ ಅನಗತ್ಯ.

ಬ್ಲೂಟೂತ್ ಮತ್ತು ಬಹುತೇಕ ಯುಎಸ್‌ಬಿ ಡಾಂಗಲ್‌ಗಳು 2.4 ಗಿಗಾಹರ್ಟ್ಸ್ ತರಂಗಾಂತರದಲ್ಲೇ ಕೆಲಸ ಮಾಡುತ್ತವೆ. ಮನೆಯ ವೈ-ಫೈ ಕೂಡ ಅಲ್ಲೇ ಇರಬಹುದು. ಯುಎಸ್‌ಬಿ 3 ಸಾಧನಗಳೂ ಅದೇ ತರಂಗಾಂತರದಲ್ಲಿ ಗದ್ದಲ ಹುಟ್ಟಿಸುತ್ತವೆ. ಕಂಟ್ರೋಲರ್ ತಡವರಿಸುತ್ತಿದ್ದರೆ ಡಾಂಗಲನ್ನು ಗಣಕಯಂತ್ರದ ಹಿಂಬದಿಯಿಂದ ಮುಂಬದಿಗೆ ಬದಲಿಸುವುದು ಅಥವಾ ಚಿಕ್ಕ ವಿಸ್ತರಣಾ ತಂತಿಯಿಂದ ದೂರ ಇಡುವುದು ಖರ್ಚಿಲ್ಲದ ಪರಿಹಾರ. ತಂತಿಯಲ್ಲೂ ಒಂದು ಮೋಸವಿದೆ. ಕೆಲವು ಯುಎಸ್‌ಬಿ ತಂತಿಗಳು ಚಾರ್ಜ್ ಮಾಡಲಷ್ಟೇ ಇರುವಂಥವು, ಮಾಹಿತಿ ಸಾಗಿಸುವುದಿಲ್ಲ. ಕಂಟ್ರೋಲರ್ ಕೆಟ್ಟಿದೆಯೆಂದು ಎಸೆಯುವ ಮುನ್ನ ತಂತಿ ಬದಲಿಸಿ ನೋಡಬೇಕು.

ಸ್ಟಿಕ್‌ಗಳ ಸವಕಳಿ

ಕೈ ಮುಟ್ಟದಿದ್ದರೂ ಪರದೆಯ ಮೇಲಿನ ಪಾತ್ರ ತಾನಾಗಿ ಜರುಗತೊಡಗುವ ತೊಂದರೆಗೆ ‘ಡ್ರಿಫ್ಟ್’ ಎಂದು ಹೆಸರು. ಸಾಮಾನ್ಯ ಕಂಟ್ರೋಲರ್‌ನ ಸ್ಟಿಕ್ ಒಳಗೆ ಪೊಟೆನ್ಶಿಯೋಮೀಟರ್ ಇರುತ್ತದೆ. ವಿದ್ಯುತ್ ಪ್ರತಿರೋಧದ ಪಟ್ಟಿಯೊಂದರ ಮೇಲೆ ಲೋಹದ ತುದಿ ಉಜ್ಜುತ್ತಾ ಚಲಿಸುತ್ತದೆ. ಉಜ್ಜಿದಷ್ಟೂ ಪಟ್ಟಿ ಸವೆದು ತಪ್ಪು ಸಂಕೇತ ಕಳುಹಿಸುತ್ತದೆ. ಜಾಯ್-ಕಾನ್ ಕುರಿತ ದೂರುಗಳು ಎಷ್ಟು ಹೆಚ್ಚಿದವೆಂದರೆ ನಿಂಟೆಂಡೊ ಅಧ್ಯಕ್ಷ ಶುಂಟಾರೊ ಫುರುಕಾವಾ 2020ರ ಜೂನ್‌ನಲ್ಲಿ ಗ್ರಾಹಕರ ಕ್ಷಮೆ ಯಾಚಿಸಿದರು.

ಕಾಂತಕ್ಷೇತ್ರದ ಬದಲಾವಣೆಯನ್ನು ಅಳೆಯುವ ‘ಹಾಲ್ ಎಫೆಕ್ಟ್’ ಸ್ಟಿಕ್‌ಗಳಲ್ಲಿ ಸಂವೇದಕಕ್ಕೆ ಉಜ್ಜುವಿಕೆಯೇ ಇಲ್ಲದ್ದರಿಂದ ಈ ಸವಕಳಿ ಇಲ್ಲ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ವ ಇದಕ್ಕೆ ಆಧಾರ. 1998ರ ಸೆಗಾ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲೇ ಇದನ್ನು ಬಳಸಲಾಗಿತ್ತು. ಈಗ ಮಧ್ಯಮ ಬೆಲೆಯ ಕಂಟ್ರೋಲರ್‌ಗಳಲ್ಲೂ ಹಾಲ್ ಎಫೆಕ್ಟ್ ಹಾಗೂ ‘ಟಿಎಂಆರ್’ ಎಂಬ ಕಾಂತೀಯ ಸ್ಟಿಕ್‌ಗಳು ದೊರೆಯುತ್ತವೆ. ದಿನವೂ ಆಡುವವರಿಗೆ ದೀಪಾಲಂಕಾರಕ್ಕಿಂತ ಇದಕ್ಕೆ ಹಣ ಕೊಡುವುದು ಸಾರ್ಥಕ. ಸ್ಪ್ರಿಂಗ್, ಗುಂಡಿಗಳು ಯಾವುದರಲ್ಲೂ ಸವೆಯುತ್ತವೆ ಎಂಬುದು ನೆನಪಿರಲಿ.

ಎಲ್ಲರ ಕೈಗೂ ಒಂದೇ ಅಚ್ಚಲ್ಲ

ಎರಡೂ ಕೈಗಳ ಹತ್ತು ಬೆರಳುಗಳೂ ಚುರುಕಾಗಿವೆ ಎಂಬ ಊಹೆಯ ಮೇಲೆ ಸಾಮಾನ್ಯ ಕಂಟ್ರೋಲರ್ ನಿಂತಿದೆ. ಆ ಊಹೆಗೆ ಹೊರತಾದವರಿಗಾಗಿ ಮೈಕ್ರೋಸಾಫ್ಟ್ 2018ರಲ್ಲಿ ‘ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್’ ಬಿಡುಗಡೆ ಮಾಡಿತು. ದೊಡ್ಡ ಎರಡು ಗುಂಡಿಗಳ ಜೊತೆಗೆ ಹಿಂಬದಿಯಲ್ಲಿರುವ 3.5 ಮಿ.ಮೀ. ರಂಧ್ರಗಳಿಗೆ ಕಾಲಿನಿಂದಲೋ ಮೊಣಕೈಯಿಂದಲೋ ಒತ್ತುವ ಸ್ವಿಚ್‌ಗಳನ್ನು ಜೋಡಿಸಬಹುದು. ಇದು ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್‌ಗೆ ಹೊಂದುತ್ತದೆ. ಸೋನಿಯ ‘ಆ್ಯಕ್ಸೆಸ್’ ಕಂಟ್ರೋಲರ್ 2023ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್ 5ಕ್ಕಾಗಿ ಬಂತು. ಮನೆಯಲ್ಲಿ ಅಂಗವೈಕಲ್ಯವುಳ್ಳ ಆಟಗಾರರಿದ್ದರೆ ಈ ಸಾಧನ ಯಾವ ವೇದಿಕೆಗೆ ಲಭ್ಯ ಎಂಬುದೇ ಯಂತ್ರದ ಆಯ್ಕೆಯನ್ನು ನಿರ್ಧರಿಸಬಹುದು.

ಟಿವಿಯ ಪಾಲೆಷ್ಟು?

ಕಂಟ್ರೋಲರ್ ನಿಧಾನವೆಂದು ದೂರುವವರ ಮನೆಯಲ್ಲಿ ಹಲವು ಸಲ ನಿಧಾನವಾಗಿರುವುದು ಟಿವಿ. ಚಲನಚಿತ್ರಕ್ಕಾಗಿ ಚಿತ್ರವನ್ನು ತಿದ್ದಿ ತೀಡುವ ಟಿವಿಗಳು ಅದಕ್ಕಾಗಿ ಸಮಯ ತಿನ್ನುತ್ತವೆ. ಟಿವಿಯ ಆಯ್ಕೆಗಳಲ್ಲಿ ‘ಗೇಮ್ ಮೋಡ್’ ಚಾಲನೆಗೊಳಿಸಿದರೆ ಈ ವಿಳಂಬ ಗಣನೀಯವಾಗಿ ತಗ್ಗುತ್ತದೆ. 4ಕೆ ಚಿತ್ರವನ್ನು ಸೆಕೆಂಡಿಗೆ 120 ಫ್ರೇಮ್‌ನಂತೆ ಪಡೆಯಲು ಎಚ್‌ಡಿಎಂಐ 2.1 ಸಂಪರ್ಕ ಹಾಗೂ 120 ಹರ್ಟ್ಸ್ ಪರದೆ ಬೇಕು. ಎಚ್‌ಡಿಎಂಐ 2.0ರ ಮಿತಿ 4ಕೆಯಲ್ಲಿ 60 ಫ್ರೇಮ್. ಟಿವಿಯ ಎಲ್ಲ ರಂಧ್ರಗಳೂ 2.1 ಆಗಿರುವುದಿಲ್ಲವಾದ್ದರಿಂದ ಯಾವುದಕ್ಕೆ ಜೋಡಿಸಬೇಕೆಂದು ಕೈಪಿಡಿ ನೋಡಬೇಕು. 60 ಹರ್ಟ್ಸ್ ಟಿವಿ ಇರುವವರು 120 ಫ್ರೇಮ್ ಆಸೆಯಿಂದ ದುಬಾರಿ ಯಂತ್ರ ಕೊಂಡರೆ ಅದರ ಫಲ ಕಣ್ಣಿಗೆ ಕಾಣದು.

ವಿದೇಶದಿಂದ ತರಿಸುವಾಗ

ಅಮೆರಿಕ, ದುಬೈಗಳಿಂದ ಬರುವ ಬಂಧುಗಳ ಕೈಲಿ ಯಂತ್ರ ತರಿಸುವುದು ನಮ್ಮ ನಗರಗಳಲ್ಲಿ ಹೊಸದಲ್ಲ. ಸ್ಟೀಮ್ ಡೆಕ್ ಬಿಡುಗಡೆಯಾದಾಗ ಮಾರಾಟದ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ ಕೂಡ ಆಗ ಭಾರತದಲ್ಲಿ ಮಾರಾಟಕ್ಕೆ ಬರಲಿಲ್ಲ. ಅದರ ವೈ-ಫೈ ಬಳಸುವ 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಇಲ್ಲಿ ಅನುಮತಿ ಇಲ್ಲದಿರುವುದೇ ಕಾರಣವೆಂದು ಸೋನಿ ತಿಳಿಸಿತ್ತು. ಒಂದು ದೇಶದ ತರಂಗಾಂತರ ನಿಯಮದೊಂದಿಗೂ ಯಂತ್ರ ಹೊಂದಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ತರಿಸುವ ಮುನ್ನ ಮೂರು ಸಂಗತಿ ನೋಡಬೇಕು. ವಿದ್ಯುತ್ ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದು ನಮೂದಾಗಿರಬೇಕು. ವಾರಂಟಿ ಭಾರತದಲ್ಲಿ ಮಾನ್ಯವೇ ಎಂದು ಕೇಳಿ ತಿಳಿಯಬೇಕು. ಪ್ಲೇಸ್ಟೇಷನ್ ಡಿಸ್ಕ್‌ಗಳು ಸಾಮಾನ್ಯವಾಗಿ ಯಾವ ದೇಶದವಾದರೂ ನಡೆಯುತ್ತವೆ, ಆದರೆ ಅವಕ್ಕೆ ಆನಂತರ ಕೊಳ್ಳುವ ಹೆಚ್ಚುವರಿ ಭಾಗಗಳು ಡಿಸ್ಕ್‌ನ ಪ್ರದೇಶಕ್ಕೆ ಸೇರಿದ ಖಾತೆಯಿಂದಲೇ ಬರಬೇಕು.

ಹಣ ಕೊಡುವ ಮುನ್ನ

* ಮುಂದಿನ ಒಂದು ವರ್ಷದಲ್ಲಿ ಆಡಬೇಕೆಂದಿರುವ ಐದು ಆಟಗಳ ಹೆಸರು ಬರೆದುಕೊಂಡು, ಐದೂ ದೊರೆಯುವ ಯಂತ್ರ ಯಾವುದೆಂದು ನೋಡಬೇಕು.

* ಸ್ಟೀಮ್ ಮಳಿಗೆಯಲ್ಲಿ ಆಟದ ಪಕ್ಕದಲ್ಲೇ ಕಂಟ್ರೋಲರ್ ಬೆಂಬಲ ಪೂರ್ಣವೋ ಭಾಗಶಃವೋ ಎಂದು ನಮೂದಿಸಿರುತ್ತಾರೆ. ಕೊಂಡ ಮೇಲೂ ಹೊಂದಿಕೆಯಾಗದಿದ್ದರೆ, 14 ದಿನದೊಳಗೆ ಮತ್ತು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಮರಳಿ ಕೇಳಬಹುದು.

* ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಕಂಟ್ರೋಲರ್ ಕೊಳ್ಳುವಾಗ ಅಂಗಡಿಯಲ್ಲೇ ಜೋಡಿಸಿ ತೋರಿಸಲು ಕೇಳಬೇಕು. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ಗೇಮ್ ಕಂಟ್ರೋಲರ್ ವಿಭಾಗದಲ್ಲಿ ಪ್ರತಿ ಗುಂಡಿಯನ್ನೂ, ಸ್ಟಿಕ್ ನಡುವಿಗೆ ಮರಳುವುದನ್ನೂ ಎರಡು ನಿಮಿಷದಲ್ಲಿ ಪರೀಕ್ಷಿಸಬಹುದು.

* ಬಿಲ್ ಪಡೆಯಬೇಕು. ಮೊದಲ ವಾರದಲ್ಲೇ ಎಲ್ಲ ಸೌಲಭ್ಯಗಳನ್ನೂ ಬಳಸಿ ನೋಡಬೇಕು.

ಹೊಸ ಯಂತ್ರಗಳು ಬರುತ್ತಲೇ ಇರುತ್ತವೆ, ಪೆಟ್ಟಿಗೆಯ ಮೇಲಿನ ಅಂಕಿಗಳು ಏರುತ್ತಲೇ ಇರುತ್ತವೆ. ನಾಲ್ಕೂ ಭಾಗಗಳು ಪರಸ್ಪರ ಹೊಂದಿಕೊಂಡ ಸಾಧಾರಣ ವ್ಯವಸ್ಥೆಯೊಂದು, ಹೊಂದಿಕೊಳ್ಳದ ದುಬಾರಿ ವ್ಯವಸ್ಥೆಗಿಂತ ಹೆಚ್ಚು ಕಾಲ, ಹೆಚ್ಚು ಸಂತೋಷ ಕೊಡುತ್ತದೆ. ದುಡ್ಡು ಉಳಿಯುವುದೂ ಅದರಲ್ಲೇ.